ಧ್ವನಿಯ ಸಹೃದಯ: ಕೊನಿ ಪ್ಲಾಂಕ್

ಕಾವ್ಯವು ಕವಿಯಲ್ಲಿ ಹುಟ್ಟಿ ಸಹೃದಯನಲ್ಲಿ ಪೂರ್ಣವಾಗುತ್ತದೆಂಬುದು ನಮ್ಮ ಆಲಂಕಾರಿಕರ ಮತ. ಧ್ವನ್ಯಾಲೋಕಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ತನ್ನ ಮಂಗಳಶ್ಲೋಕದಲ್ಲಿಯೇ ಸರಸ್ವತಿಯ ತತ್ತ್ವದಲ್ಲಿ ಕವಿಯೊಡನೆ ಸಹೃದಯನಿಗೂ ಪಾಲು ಕೊಟ್ಟಿದ್ದಾನೆ. ಅಲಂಕಾರಶಾಸ್ತ್ರದ ತರಗತಿಯಲ್ಲಿ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆತುಬಿಡುವವರೇ ನಮ್ಮಲ್ಲಿ ಹೆಚ್ಚು. ಕವಿಯ ಹೆಸರು ಹೊತ್ತಗೆಯ ಮುಖಪುಟದ ಮೇಲೆ ಬರುತ್ತದೆ. ಸಹೃದಯನ ಹೆಸರು ಎಲ್ಲಿಯೂ ಬರುವುದಿಲ್ಲ. ಅದು ಲೋಕರೂಢಿ. ಆದರೆ ಕೃತಿ ರೂಪುಗೊಳ್ಳುತ್ತಿರುವ ಹೊತ್ತಿನಲ್ಲಿಯೇ ಪಕ್ಕದಲ್ಲಿ ಕುಳಿತು ಕೇಳುವ ಸಹೃದಯನೊಬ್ಬನಿದ್ದರೆ, ಆತ ಕೇಳಿದ ರೀತಿಯಿಂದಲೇ ಕೃತಿ ಬೇರೆಯಾಗುವಂತಿದ್ದರೆ, ಅವನನ್ನು ಏನೆಂದು ಕರೆಯೋಣ? ಅವನಿಗೆ ಸಲ್ಲಬೇಕಾದ ಪಾಲೆಷ್ಟು? ಜರ್ಮನಿಯ ಧ್ವನಿಮುದ್ರಣಕಾರ ಕೊನಿ ಪ್ಲಾಂಕನ ಜೀವನವನ್ನು ಅಭ್ಯಸಿಸುತ್ತ ಹೋದಂತೆ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿದೆ.

೧೯೪೦ನೆಯ ಇಸವಿ ಮೇ ತಿಂಗಳ ೩ರಂದು, ಜರ್ಮನಿಯ ನೈಋತ್ಯದ ಫಾಲ್ಟ್ಸ್ ಸೀಮೆಯ ಹ್ಯೂಟ್ಶೆನ್‌ಹೌಸೆನ್ ಎಂಬ ಹಳ್ಳಿಯಲ್ಲಿ ಕೊನ್‌ರಾಡ್ ಪ್ಲಾಂಕ್ ಜನಿಸಿದನು. ಕೊನ್‌ರಾಡ್ ಎಂಬುದು ಬಳಕೆಯಲ್ಲಿ ಕೊನಿಯಾಗಿ, ಆ ಮೊಟಕು ಹೆಸರೇ ಕಡೆಯವರೆಗೂ ನಿಂತಿತು. ಆತ ಹುಟ್ಟಿದ ಒಂದು ವಾರಕ್ಕೆ ಹಿಟ್ಲರನ ಸೇನೆ ಫ್ರಾನ್ಸಿನ ಮೇಲೆ ನುಗ್ಗಿತು. ಯುದ್ಧ ಮುಗಿದಾಗ ಹುಡುಗನಿಗೆ ಐದು ವರ್ಷ. ಸಮೀಪದ ಕೈಸರ್ಸ್‌ಲೌಟರ್ನ್ ಪಟ್ಟಣದ ಸುತ್ತ ಅಮೆರಿಕದ ಸೈನಿಕರ ಬಹು ದೊಡ್ಡ ನೆಲೆಯೊಂದು ಬೆಳೆಯಿತು. ಅವರೊಡನೆ ಅವರ ಸಂಗೀತವೂ ಬಂದಿತು. ಜಾಝ್, ಬ್ಲೂಸ್, ತರುವಾಯ ರಾಕ್ ಅಂಡ್ ರೋಲ್ ಆ ಸೀಮೆಯ ಗಾಳಿಯಲ್ಲಿ ತೇಲಾಡತೊಡಗಿದವು.

ಆ ತಲೆಮಾರಿನ ಸಂಕಟವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಬಾಖ್, ಬೇಥೋವನ್, ಶೂಬರ್ಟರ ನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ಹಾಡಿಕೊಳ್ಳಲು ಹಾಡಿರಲಿಲ್ಲವೆಂದರೆ ವಿಚಿತ್ರವಾಗಿ ತೋರಬಹುದು. ಆದರೆ ಸಂಗತಿ ಹಾಗೆಯೇ ಇತ್ತು. ಜನಪದ ಗೀತೆಗಳನ್ನೂ ಮೆರವಣಿಗೆಯ ಹಾಡುಗಳನ್ನೂ ನಾಟ್ಸಿಗಳು ತಮ್ಮ ಬಾಯಲ್ಲಿ ಹಾಡಿ ಮೈಲಿಗೆಗೊಳಿಸಿದ್ದರು. ಯುದ್ಧಾನಂತರ ಪೇಟೆಯನ್ನು ತುಂಬಿದ 'ಶ್ಲಾಗರ್' ಎಂಬ ಸಕ್ಕರೆಯ ಹಾಡುಗಳು ನಡೆದುದನ್ನು ಮರೆಸಲೆಂದೇ ಹುಟ್ಟಿದಂತಿದ್ದವು. ತಂದೆಯರು ಯುದ್ಧದ ಮಾತೆತ್ತುತ್ತಿರಲಿಲ್ಲ. ಮಕ್ಕಳು ಕೇಳಿದರೆ ಮನೆಯಲ್ಲಿ ಮೌನ ಕವಿಯುತ್ತಿತ್ತು. ಅಮೆರಿಕ, ಇಂಗ್ಲೆಂಡುಗಳಿಂದ ಬಂದ ರಾಕ್ ಸಂಗೀತ ಮನಸ್ಸನ್ನು ಸೆಳೆಯಿತೆಂಬುದು ನಿಜ. ಆದರೆ ಅದು ಎರವಲು ಒಡವೆ. ೧೯೬೮ರ ಸುಮಾರಿಗೆ ವಿದ್ಯಾರ್ಥಿಗಳ ಚಳವಳಿ ಜರ್ಮನಿಯ ಬೀದಿಗಳಿಗೆ ಇಳಿದಾಗ, ಕೆಲವು ತರುಣರು ಇವೆಲ್ಲವನ್ನೂ ಬದಿಗಿಟ್ಟು ಬರಿಗೈಯಿಂದ ಸಂಗೀತವನ್ನು ಕಟ್ಟಲು ಹೊರಟರು. ಕಾರ್ಖಾನೆಯ ಗುಂಯ್‌ಗುಟ್ಟುವಿಕೆ, ಯಂತ್ರದ ಲಯ, ವಿದ್ಯುತ್ತಿನ ಸ್ವರ ಇವೇ ಅವರ ಸಾಮಗ್ರಿ. ಇಂಗ್ಲೆಂಡಿನ ಪತ್ರಿಕೆಗಳು ಇವರ ಸಂಗೀತಕ್ಕೆ 'ಕ್ರೌಟ್‌ರಾಕ್' ಎಂದು ಅಡ್ಡಹೆಸರಿಟ್ಟವು. ಕ್ರೌಟ್ ಎಂದರೆ ಎಲೆಕೋಸು. ಜರ್ಮನರನ್ನು ಹಳಿಯಲು ಸೈನಿಕರು ಬಳಸುತ್ತಿದ್ದ ಮಾತು. ಹಾಸ್ಯದ ಹೆಸರೇ ಮುಂದೆ ಗೌರವದ ಹೆಸರಾಯಿತು.

ವಿದ್ಯುತ್ತಿನಿಂದ ಸ್ವರವನ್ನು ಹುಟ್ಟಿಸುವ ಕೆಲಸ ಅದಕ್ಕಿಂತ ಮೊದಲೇ ಕೊಲೋನ್ ನಗರದಲ್ಲಿ ನಡೆದಿತ್ತು. ಅಲ್ಲಿನ ರೇಡಿಯೋ ನಿಲಯದಲ್ಲಿ ಹರ್ಬರ್ಟ್ ಐಮರ್ಟ್ ಎಂಬಾತನ ನೇತೃತ್ವದಲ್ಲಿ ೧೯೫೦ರ ದಶಕದ ಆರಂಭದಲ್ಲಿ ವಿದ್ಯುತ್ ಸಂಗೀತದ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಯಂತ್ರಗಳ ಪರೀಕ್ಷೆಗೆಂದು ಇದ್ದ ಉಪಕರಣಗಳಿಂದ ಶುದ್ಧ ಸ್ವರಗಳನ್ನು ಪಡೆದು, ಟೇಪಿನ ಮೇಲೆ ಮುದ್ರಿಸಿ, ಆ ಟೇಪನ್ನು ಅಂಗುಲದ ಲೆಕ್ಕದಲ್ಲಿ ಕತ್ತರಿಸಿ ಅಂಟಿಸಿ ಅಲ್ಲಿ ರಚನೆಗಳನ್ನು ಮಾಡುತ್ತಿದ್ದರು. ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ೧೯೫೬ರಲ್ಲಿ ಬಾಲಕನೊಬ್ಬನ ಕಂಠವನ್ನು ವಿದ್ಯುತ್ ಸ್ವರಗಳೊಡನೆ ಬೆಸೆದು ಪ್ರಸಿದ್ಧವಾದ ಕೃತಿಯೊಂದನ್ನು ರಚಿಸಿದ್ದು ಇಲ್ಲಿಯೇ. ಆತನಲ್ಲಿ ಕಲಿತ ಹೋಲ್ಗರ್ ಚುಕೈ, ಇರ್ಮಿನ್ ಶ್ಮಿಟ್ ಎಂಬಿಬ್ಬರು ೧೯೬೮ರಲ್ಲಿ ಅದೇ ಊರಿನಲ್ಲಿ 'ಕಾನ್' ಎಂಬ ರಾಕ್ ತಂಡವನ್ನು ಕಟ್ಟಿದರು. ಪಂಡಿತರ ಪ್ರಯೋಗಶಾಲೆಗೂ ಬೀದಿಯ ಸಂಗೀತಕ್ಕೂ ನಡುವೆ ಇದ್ದ ಗೋಡೆ ಕೊಲೋನಿನಲ್ಲಿ ಇಷ್ಟು ತೆಳುವಾಗಿತ್ತು. ಆ ಗೋಡೆಯಲ್ಲಿ ಬಾಗಿಲನ್ನೇ ತೆರೆದವನು ಪ್ಲಾಂಕ್.

ಆತ ವೃತ್ತಿಗೆ ಬಂದದ್ದು ಧ್ವನಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಗಾರನಾಗಿ. ಚಿತ್ರನಟಿಯೂ ಗಾಯಕಿಯೂ ಆದ ಮಾರ್ಲೀನ್ ಡೀಟ್ರಿಚಳ ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ಮಾಡಿದವರಲ್ಲಿ ಆತನೂ ಒಬ್ಬ. ಹಿಟ್ಲರನ ಜರ್ಮನಿಯನ್ನು ಧಿಕ್ಕರಿಸಿ, ಅಮೆರಿಕದ ಪ್ರಜೆಯಾಗಿ, ಮಿತ್ರಪಕ್ಷದ ಸೈನಿಕರಿಗೆ ಹಾಡಿದ ಹೆಂಗಸು ಆಕೆ. ಮುಂದೆ ಪ್ಲಾಂಕ್ ಕೊಲೋನಿನ ಬಳಿಯ ರೇನಸ್ ಎಂಬ ಮುದ್ರಣಾಲಯದಲ್ಲಿ ನೆಲೆನಿಂತ. ೧೯೭೦ರಲ್ಲಿ ಅಮೆರಿಕದ ಜಾಝ್ ಸಂಗೀತದ ಹಿರಿಯ ಡ್ಯೂಕ್ ಎಲಿಂಗ್ಟನ್ ತನ್ನ ವೃಂದದೊಡನೆ ಅಲ್ಲಿಗೆ ಬಂದು ನುಡಿಸಿದಾಗ ಯಂತ್ರದ ಮುಂದೆ ಕುಳಿತಿದ್ದವನು ಮೂವತ್ತರ ಈ ತರುಣನೇ. ಆ ಮುದ್ರಣ ೪೫ ವರ್ಷ ಕತ್ತಲೆಯಲ್ಲಿದ್ದು ೨೦೧೫ರಲ್ಲಿ ಪ್ಲಾಂಕನ ಹೆಸರನ್ನೇ ಹೊತ್ತು ಪ್ರಕಟವಾಯಿತು.

ಧ್ವನಿಮುದ್ರಣವೆಂದರೆ ನುಡಿಸಿದುದನ್ನು ಹಿಡಿದಿಡುವುದು, ಅದರಲ್ಲಿ ಕಲೆಯೇನು ಬಂತು ಎಂದು ವಾಚಕರು ಕೇಳಬಹುದು. ಹಿಂದೆ ಹಾಗೆಯೇ ಇತ್ತು. ಆದರೆ ೧೯೬೦ರ ದಶಕದಲ್ಲಿ ಒಂದೇ ಟೇಪಿನ ಅಗಲದಲ್ಲಿ ಹಲವು ಪಟ್ಟಿಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ ಯಂತ್ರಗಳು ಬಳಕೆಗೆ ಬಂದವು. ಮದ್ದಳೆಗೊಂದು ಪಟ್ಟಿ, ಗಿಟಾರಿಗೊಂದು ಪಟ್ಟಿ, ಕಂಠಕ್ಕೊಂದು ಪಟ್ಟಿ. ಆಮೇಲೆ ಅವನ್ನೆಲ್ಲ ಒಂದು ಮೇಜಿನ ಮುಂದೆ ಕುಳಿತು, ಒಂದನ್ನು ಏರಿಸಿ ಒಂದನ್ನು ಇಳಿಸಿ, ಒಂದಕ್ಕೆ ಪ್ರತಿಧ್ವನಿಯನ್ನು ಕೂಡಿಸಿ ಬೆರೆಸಬೇಕು. ಟೇಪನ್ನು ಹಿಂದುಮುಂದಾಗಿ ಓಡಿಸಬಹುದು, ನಿಧಾನಗೊಳಿಸಬಹುದು, ವೇಗವಾಗಿಸಬಹುದು. ಅಂದರೆ ನುಡಿಸುವುದು ಮುಗಿದ ಮೇಲೂ ಸಂಗೀತ ಮುಗಿದಿರುವುದಿಲ್ಲ. ಈ ಮೇಜನ್ನು ವಾದ್ಯವೆಂದು ಬಗೆದು ನುಡಿಸಿದವರಲ್ಲಿ ಪ್ಲಾಂಕ್ ಅಗ್ರಗಣ್ಯ. ಆತನ ಕೈಚಳಕದ ಹಿಂದೆ ಇದ್ದದ್ದು ಕಿವಿಯ ತಾಳ್ಮೆ. ಹಾಡಿನ ರಾಜಮಾರ್ಗವನ್ನು ಬಿಟ್ಟು ಗಂಟೆಗಟ್ಟಲೆ ತಡಕಾಡುವ ತರುಣರ ನುಡಿಸಾಣಿಕೆಯಲ್ಲಿ ಒಂದು ನಿಮಿಷದ ಬೆಳಕು ಎಲ್ಲಿ ಮಿಂಚಿತೆಂಬುದನ್ನು ಆತ ಹಿಡಿಯಬಲ್ಲವನಾಗಿದ್ದ.

೧೯೬೯ರ ಡಿಸೆಂಬರಿನಲ್ಲಿ 'ಕ್ಲುಸ್ಟರ್' ಎಂಬ ಬರ್ಲಿನ್ನಿನ ಮೂವರು ಆತನಲ್ಲಿಗೆ ಬಂದರು: ಕೊನ್‌ರಾಡ್ ಶ್ನಿಟ್ಸ್‌ಲರ್, ಹಾನ್ಸ್ ಯೋಆಖಿಮ್ ರೋಡೇಲಿಯುಸ್, ಡೀಟರ್ ಮೋಬಿಯುಸ್. ಅವರಲ್ಲಿ ರಾಗವಿಲ್ಲ, ತಾಳವಿಲ್ಲ, ಹಾಡಿಲ್ಲ. ವಾದ್ಯಗಳಿಂದಲೂ ದೈನಂದಿನ ವಸ್ತುಗಳಿಂದಲೂ ಎಬ್ಬಿಸಿದ ಸದ್ದುಗಳ ಮೋಡಗಳಷ್ಟೆ. ಯಾವ ಕಂಪನಿಯೂ ಮುಟ್ಟದ ಈ ಸಂಗೀತಕ್ಕೆ ಚರ್ಚಿನ ವಾದಕನೊಬ್ಬನ ಮೂಲಕ ಹಣ ದೊರೆಯಿತು. ಧಾರ್ಮಿಕ ವಚನಗಳನ್ನು ಮೇಲೆ ಓದಿಸಬೇಕೆಂಬುದಷ್ಟೇ ಕರಾರು. ಪ್ಲಾಂಕ್ ಅದನ್ನು ಮುದ್ರಿಸಿದ. ಅಚ್ಚಾದದ್ದು ಕೆಲವು ನೂರು ತಟ್ಟೆಗಳು. ಮಾರಾಟದ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಮಾತಿಗೂ ರಾಗಕ್ಕೂ ಸಿಲುಕದ ಸದ್ದಿನ ಸಂಗೀತವನ್ನು ಜರ್ಮನಿಯಲ್ಲಿ ತಟ್ಟೆಯ ಮೇಲೆ ತಂದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಶ್ನಿಟ್ಸ್‌ಲರ್ ಬಿಟ್ಟುಹೋದ ಮೇಲೆ ಉಳಿದಿಬ್ಬರೂ ವರ್ಷಗಳ ಕಾಲ ಪ್ಲಾಂಕನ ಜತೆಗಾರರಾದರು.

ಅದೇ ಕಾಲಕ್ಕೆ ಡುಸೆಲ್‌ಡಾರ್ಫಿನ ಇಬ್ಬರು ಸುಶಿಕ್ಷಿತ ತರುಣರು, ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್, 'ಕ್ರಾಫ್ಟ್‌ವೆರ್ಕ್' ಎಂಬ ತಂಡವನ್ನು ಕಟ್ಟಿದರು. ಆ ಹೆಸರಿಗೆ ವಿದ್ಯುದಾಗಾರ ಎಂದರ್ಥ. ೧೯೭೦ರ ಅವರ ಮೊದಲ ಮುದ್ರಿಕೆಯ ನಿರ್ಮಾಪಕರ ಸಾಲಿನಲ್ಲಿ ಪ್ಲಾಂಕನ ಹೆಸರೂ ಸೇರಿದೆ. ಆ ತಂಡದಲ್ಲಿ ಕೆಲವು ತಿಂಗಳು ನುಡಿಸಿ ಹೊರಬಂದ ಕ್ಲೌಸ್ ಡಿಂಗರ್ ಮತ್ತು ಮಿಖಾಯೆಲ್ ರೋಟರ್ ಎಂಬಿಬ್ಬರು ೧೯೭೧ರಲ್ಲಿ 'ನೋಯ್' ಎಂಬ ಜೋಡಿಯಾದರು. ನೋಯ್ ಎಂದರೆ ಹೊಸತು. ಡಿಂಗರ್ ಬೆಂಕಿ, ರೋಟರ್ ನೀರು. ಒಬ್ಬನದು ನಿಲ್ಲದೆ ಓಡುವ ಒಂದೇ ಲಯದ ಮದ್ದಳೆ, ಇನ್ನೊಬ್ಬನದು ಅದರ ಮೇಲೆ ತೇಲುವ ಗಿಟಾರು. ಸ್ವಭಾವದಿಂದ ಒಬ್ಬರಿಗೊಬ್ಬರು ಒಗ್ಗದ ಇವರ ನಡುವೆ ಮೂರನೆಯವನಾಗಿ ಪ್ಲಾಂಕ್ ಕುಳಿತು, ಹ್ಯಾಂಬರ್ಗಿನ ಬಾಡಿಗೆಯ ಮುದ್ರಣಾಲಯವೊಂದರಲ್ಲಿ ೧೯೭೧ರ ಡಿಸೆಂಬರಿನ ನಾಲ್ಕು ರಾತ್ರಿಗಳಲ್ಲಿ ಅವರ ಮೊದಲ ಮುದ್ರಿಕೆಯನ್ನು ಮುಗಿಸಿದ. ಹತ್ತು ನಿಮಿಷ ಒಂದೇ ಲಯ ಓಡುವ ಅದರ ಮೊದಲ ಕೃತಿಯನ್ನು ಕೇಳುವವನಿಗೆ, ಊರು ಹಿಂದಾಗಿ ದಾರಿ ಮುಂದಾಗುವ ಅನುಭವವಾಗುತ್ತದೆ. ಹಿಂದಿರುಗಿ ನೋಡಲು ಅಂಜುವ ತಲೆಮಾರೊಂದು ಮುಂದಕ್ಕೇ ದೃಷ್ಟಿಯಿಟ್ಟು ಓಡುತ್ತಿರುವಂತೆ ನನಗೆ ಅದು ಕೇಳಿಸುತ್ತದೆ.

ಅವರ ಎರಡನೆಯ ಮುದ್ರಿಕೆಯ ಕಾಲಕ್ಕೆ ನಡುವಿನಲ್ಲಿಯೇ ಹಣ ಮುಗಿಯಿತು. ತಟ್ಟೆಯ ಒಂದು ಮುಖ ಬರಿದಾಗಿತ್ತು. ಆಗ ತಾವು ಹಿಂದೆ ಪ್ರಕಟಿಸಿದ್ದ ಚಿಕ್ಕ ತಟ್ಟೆಯನ್ನೇ ವೇಗವಾಗಿ, ನಿಧಾನವಾಗಿ ತಿರುಗಿಸಿ ಬಂದ ಸದ್ದನ್ನು ಮುದ್ರಿಸಿ ಆ ಮುಖವನ್ನು ತುಂಬಿದರು. ೧೯೭೩ರಲ್ಲಿ ಅದು ಹೊರಬಂದಾಗ ಮೋಸವೆಂದವರುಂಟು. ಒಂದೇ ಕೃತಿಯನ್ನು ಬಗೆಬಗೆಯಾಗಿ ಮರುಬೆರಕೆ ಮಾಡುವುದು ಜನಪ್ರಿಯ ಸಂಗೀತದಲ್ಲಿ ಸಾಮಾನ್ಯ ಪದ್ಧತಿಯಾದ ಮೇಲೆ, ಬಡತನದಲ್ಲಿ ಹುಟ್ಟಿದ ಆ ಉಪಾಯಕ್ಕೆ ಬೆಲೆ ಬಂದಿತು.

ಬಾಡಿಗೆಯ ಗಡಿಯಾರ ಓಡುತ್ತಿರುವಾಗ ಸಾವಧಾನವಾಗಿ ಕೇಳುವುದು ಸಾಧ್ಯವಿಲ್ಲ. ಇದನ್ನು ಮನಗಂಡ ಪ್ಲಾಂಕ್ ೧೯೭೪ರಲ್ಲಿ ಕೊಲೋನಿನಿಂದ ಸ್ವಲ್ಪ ದೂರದ ವೋಲ್ಪೆರಾಟ್ ಎಂಬ ಹಳ್ಳಿಯ ರೈತನ ಮನೆಯೊಂದಕ್ಕೆ ಹೋಗಿ, ಅದರ ಹಂದಿಗಳ ಕೊಟ್ಟಿಗೆಯನ್ನೇ ಮುದ್ರಣಾಲಯವಾಗಿ ಮಾರ್ಪಡಿಸಿದ. ಧ್ವನಿಗಳನ್ನು ಬೆರೆಸುವ ಮೇಜನ್ನು ಸಹಾಯಕರೊಡನೆ ತನ್ನ ಅಗತ್ಯಕ್ಕೆ ತಕ್ಕಂತೆ ತಾನೇ ಕಟ್ಟಿಕೊಂಡ. ಆತನ ಜೀವನಸಂಗಾತಿ ಕ್ರಿಸ್ಟಾ ಫಾಸ್ಟ್ ನಟಿ. ಬಂದ ಸಂಗೀತಗಾರರಿಗೆಲ್ಲ ಆ ಮನೆಯಲ್ಲಿಯೇ ವಾಸ, ಆಕೆಯ ಅಡಿಗೆಮನೆಯಲ್ಲಿಯೇ ಊಟ. ಅಲ್ಲಿ ಮುದ್ರಿತವಾದ ಕೃತಿಗಳಿಗೆ ಆಕೆಯ ಊಟದ ಮೇಜಿಗೂ ಪಾಲುಂಟೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಊರು ಬಿಟ್ಟು ಬಂದ ಅಪರಿಚಿತ ಕಲಾವಿದರು ಒಂದೆರಡು ದಿನ ಉಂಡು ಮಲಗಿ ಮಾತಾಡಿದ ಮೇಲೆ ತಾನೆ ಅವರ ನಿಜವಾದ ದನಿ ಹೊರಬೀಳುವುದು?

ಅದೇ ೧೯೭೪ರಲ್ಲಿ ಕ್ರಾಫ್ಟ್‌ವೆರ್ಕಿನ ನಾಲ್ಕನೆಯ ಮುದ್ರಿಕೆ 'ಆಟೋಬಾನ್' ಪ್ರಕಟವಾಯಿತು. ಜರ್ಮನಿಯ ಹೆದ್ದಾರಿಯ ಮೇಲೆ ಕಾರಿನಲ್ಲಿ ಹೋಗುವ ಅನುಭವವನ್ನು ವಿದ್ಯುತ್ ವಾದ್ಯಗಳಿಂದ ಚಿತ್ರಿಸುವ, ಒಂದು ಮುಖವನ್ನೆಲ್ಲ ವ್ಯಾಪಿಸಿದ ಇಪ್ಪತ್ತೆರಡು ನಿಮಿಷಗಳ ಕೃತಿ. ಹಿಟ್ಲರನ ಆಳ್ವಿಕೆ ತನ್ನ ಹೆಗ್ಗಳಿಕೆಗೆ ಬಳಸಿಕೊಂಡಿದ್ದ ಆ ಹೆದ್ದಾರಿಯನ್ನು, ಸಂಸಾರದೊಡನೆ ವಿಹಾರಕ್ಕೆ ಹೊರಟವರ ದಾರಿಯಾಗಿ ಅದು ಮರಳಿ ಪಡೆಯಿತು. ಹಾಡು ಜರ್ಮನ್ ಭಾಷೆಯಲ್ಲಿ. ೧೯೭೫ರಲ್ಲಿ ಅದರ ಮೊಟಕುಗೊಳಿಸಿದ ರೂಪ ಅಮೆರಿಕದ ಪಟ್ಟಿಯಲ್ಲಿ ೨೫ನೆಯ ಸ್ಥಾನಕ್ಕೂ ಇಂಗ್ಲೆಂಡಿನಲ್ಲಿ ೧೧ನೆಯ ಸ್ಥಾನಕ್ಕೂ ಏರಿತು. ಲೋಕವೆಲ್ಲ ಕ್ರಾಫ್ಟ್‌ವೆರ್ಕಿನ ಹೆಸರನ್ನು ಕೇಳಿತು. ಆದರೆ ಮೊದಲ ಮುದ್ರಿಕೆಯಲ್ಲಿ ನಿರ್ಮಾಪಕರ ಸಾಲಿನಲ್ಲಿದ್ದ ಪ್ಲಾಂಕ್ ಇಲ್ಲಿ ಬರಿಯ ಎಂಜಿನಿಯರ್. ಅದಾದ ಮೇಲೆ ಆ ತಂಡ ತನ್ನ ಸ್ವಂತ ಮುದ್ರಣಾಲಯದಲ್ಲಿಯೇ ಕೆಲಸ ಮಾಡಿತು. ಆತನನ್ನು ಮತ್ತೆ ಕರೆಯಲಿಲ್ಲ.

ಆ ಕೃತಿಯಲ್ಲಿ ಪ್ಲಾಂಕನ ಪಾಲೆಷ್ಟೆಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಭಾವನೆಯೂ ರಚನೆಯೂ ಹ್ಯೂಟರ್–ಶ್ನೈಡರರದೇ, ಆತ ಯಂತ್ರ ನೋಡಿಕೊಂಡವನೆಂಬುದು ಒಂದು ಪಕ್ಷ. ನಾಲ್ಕು ಮುದ್ರಿಕೆಗಳ ಕಾಲ ಜತೆಗಿದ್ದು ಅವರ ಸದ್ದಿಗೆ ಆಕಾರ ಕೊಟ್ಟವನನ್ನು ಯಶಸ್ಸಿನ ಬಾಗಿಲಲ್ಲಿ ಕೈಬಿಟ್ಟರೆಂಬುದು ಇನ್ನೊಂದು ಪಕ್ಷ. ನನಗೆ ಎರಡನೆಯದರ ಕಡೆಗೇ ಒಲವು. ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ನೋಯ್, ಕ್ಲುಸ್ಟರ್, ಕ್ರಾಫ್ಟ್‌ವೆರ್ಕ್ ಇವು ಒಂದಕ್ಕೊಂದು ಹೋಲದ ತಂಡಗಳು. ಆದರೂ ಈ ಮೂರರಲ್ಲಿಯೂ ಸದ್ದಿನ ಸುತ್ತ ಒಂದು ವಿಶಾಲವಾದ ಬಯಲು, ದೂರ–ಸಮೀಪಗಳ ಸ್ಪಷ್ಟ ಅರಿವು, ಒಂದು ಸ್ವರ ಮುಗಿಯುವವರೆಗೂ ಅದಕ್ಕೆ ಕೊಟ್ಟ ಅವಕಾಶ ಕಾಣುತ್ತವೆ. ಮೂವರಿಗೂ ಸಮಾನನಾದವನು ಒಬ್ಬನೇ. ಹಾಗೆಂದು ಬರಹಗಾರನ ಪಾಲನ್ನು ಕಿತ್ತು ಕೇಳುಗನಿಗೆ ಕೊಡಬೇಕೆಂದು ನಾನು ಹೇಳುವುದಿಲ್ಲ. ಅಭಿನವಗುಪ್ತನಂತೆ ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆಯಬೇಕೆಂಬುದಷ್ಟೇ ನನ್ನ ವಾದ.

ಪ್ಲಾಂಕ್ ಈ ನಷ್ಟದಿಂದ ಕುಗ್ಗಲಿಲ್ಲ. ವೋಲ್ಪೆರಾಟಿನ ಕೊಟ್ಟಿಗೆ ಯುರೋಪಿನ ಹೊಸ ಸಂಗೀತದ ಗುರುಕುಲವಾಯಿತು. ಇಂಗ್ಲೆಂಡಿನ ಬ್ರಯನ್ ಈನೋ ಬಂದು ೧೯೭೭ರಲ್ಲಿ ಮೋಬಿಯುಸ್, ರೋಡೇಲಿಯುಸರೊಡನೆ ಮುದ್ರಿಸಿದ. ಅಮೆರಿಕದ 'ಡೀವೋ' ತಂಡದ ಮೊದಲ ಮುದ್ರಿಕೆ ಈನೋವಿನ ಮೇಲ್ವಿಚಾರಣೆಯಲ್ಲಿ ಇಲ್ಲಿ ಸಿದ್ಧವಾಗಿ ೧೯೭೮ರಲ್ಲಿ ಹೊರಬಂದಿತು. 'ಅಲ್ಟ್ರಾವಾಕ್ಸ್' ಎಂಬ ಇಂಗ್ಲಿಷ್ ತಂಡದ ಮೂರು ಮುದ್ರಿಕೆಗಳನ್ನು ೧೯೭೮ರಿಂದ ೧೯೮೧ರ ಒಳಗೆ ಆತ ನಿರ್ಮಿಸಿದ. 'ವಿಯೆನ್ನಾ' ಅವುಗಳಲ್ಲಿ ಒಂದು. 'ಯುರಿತ್ಮಿಕ್ಸ್' ಜೋಡಿಯ ಮೊದಲ ಮುದ್ರಿಕೆ ೧೯೮೧ರದು. ಆ ಜೋಡಿ ಲೋಕಪ್ರಸಿದ್ಧವಾಗುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ಜರ್ಮನಿಯದೇ ಆದ 'ಡಾಫ್' ಎಂಬ ಜೋಡಿಯ ಬಿರುಸಾದ ಯಂತ್ರಸಂಗೀತ, ಇಟಲಿಯ ಜಾನ್ನಾ ನಾನ್ನೀನಿಯ ಗಾಯನ, ಫ್ರಾನ್ಸಿನ 'ರೀಟಾ ಮಿತ್ಸೂಕೋ' ಜೋಡಿಯ ೧೯೮೪ರ ಮುದ್ರಿಕೆ, ಇವೆಲ್ಲವೂ ಆತನ ಕೈಯಿಂದ ಹಾದುಹೋದವೇ. ಭಾಷೆ ಬೇರೆ, ಮನೋಧರ್ಮ ಬೇರೆ, ಶೈಲಿ ಬೇರೆ. ಕೇಳಿದ ಕೂಡಲೆ ಪ್ಲಾಂಕನದೆಂದು ಗುರುತಿಸುವಂಥ ಮುದ್ರೆಯನ್ನು ಆತ ಯಾರ ಮೇಲೂ ಒತ್ತಲಿಲ್ಲ. ಬಂದವನು ತನಗಿಂತ ಹೆಚ್ಚು ತಾನಾಗಿ ಹಿಂದಿರುಗುತ್ತಿದ್ದ.

ತನ್ನ ಸ್ವಂತ ಹೆಸರಿನಲ್ಲಿಯೂ ಆತ ಸ್ವಲ್ಪ ರಚಿಸಿದ್ದುಂಟು. ಮೋಬಿಯುಸನೊಡನೆ ೧೯೮೦ರಿಂದ ಆರಂಭಿಸಿ ಪ್ರಕಟಿಸಿದ ಮುದ್ರಿಕೆಗಳಲ್ಲಿ ವಿನೋದವೂ ಬಿರುಸೂ ಕೂಡಿವೆ. ಮದ್ದಳೆಗಾರ ಮಾನಿ ನೋಯ್‌ಮೈಯರ್ ಸೇರಿಕೊಂಡ ೧೯೮೩ರ 'ಝೀರೋ ಸೆಟ್' ಎಂಬುದನ್ನು ಕೇಳಿದರೆ, ಮುಂದಿನ ದಶಕದಲ್ಲಿ ಯುರೋಪಿನ ತರುಣರು ಕುಣಿದ ಯಂತ್ರಲಯದ ಸಂಗೀತ ಆಗಲೇ ಮೊಳೆತಿರುವುದು ತಿಳಿಯುತ್ತದೆ. ಆದರೂ ಇವು ಆತನ ದುಡಿಮೆಯ ಒಂದು ಮೂಲೆ ಮಾತ್ರ. ಹಗಲಿರುಳೂ ಇತರರ ಸಂಗೀತವೇ ಆತನ ಕಿವಿಯಲ್ಲಿ ತುಂಬಿರುತ್ತಿತ್ತು.

ಇಂಥ ಬಾಳಿಗೆ ಯಾರೋ ಬೆಲೆ ತೆರಬೇಕು. ಕ್ರಿಸ್ಟಾಳಿಗೂ ಕೊನಿಗೂ ಸ್ಟೀಫಾನ್ ಎಂಬ ಒಬ್ಬ ಮಗ. ಅಂಗಳದಾಚೆಯ ಕೊಟ್ಟಿಗೆಯಲ್ಲಿ ತಂದೆ, ಮನೆತುಂಬ ವಿಚಿತ್ರ ವೇಷದ ಅತಿಥಿಗಳು. ಹುಡುಗ ಬೆಳೆದದ್ದು ಇವರ ನಡುವೆ. ತಂದೆಯರ ಮೌನದಿಂದ ನೊಂದ ತಲೆಮಾರಿನವನು, ಹೊರಗಿನಿಂದ ಬಂದವರ ಮಾತನ್ನೆಲ್ಲ ಕೇಳಿದವನು, ತನ್ನ ಮಗನಿಗೆ ಕೊಡಲು ಕಾಲವನ್ನು ಉಳಿಸಿಕೊಳ್ಳಲಿಲ್ಲ. ಉಳಿಸಿಕೊಳ್ಳಬಹುದೆಂದು ಭಾವಿಸಿದ್ದರೂ ವಿಧಿ ಅದಕ್ಕೆ ಎಡೆಗೊಡಲಿಲ್ಲ. ೧೯೮೬ರಲ್ಲಿ ಮೋಬಿಯುಸನೊಡನೆ ದಕ್ಷಿಣ ಅಮೆರಿಕದಲ್ಲಿ ಕಚೇರಿಗಳನ್ನು ನಡೆಸುತ್ತಿದ್ದಾಗ ಆತನ ಆರೋಗ್ಯ ಕೆಟ್ಟಿತು. ಕ್ಯಾನ್ಸರ್ ರೋಗ. ೧೯೮೭ರ ಡಿಸೆಂಬರ್ ೫ರಂದು, ೪೭ನೆಯ ವಯಸ್ಸಿನಲ್ಲಿ, ಕೊಲೋನಿನಲ್ಲಿ ಪ್ಲಾಂಕ್ ತೀರಿಕೊಂಡನು. ಮಗನಿಗೆ ಆಗ ಹದಿಮೂರು ವರ್ಷ.

ಕ್ರಿಸ್ಟಾ ಮುದ್ರಣಾಲಯವನ್ನು ನಡೆಸಿಕೊಂಡು ಬಂದಳು. ೨೦೦೬ರಲ್ಲಿ ಆಕೆಯೂ ಗತಿಸಿದ ಮೇಲೆ ವೋಲ್ಪೆರಾಟಿನ ಆ ಬಾಗಿಲು ಮುಚ್ಚಿತು. ಬೆರೆಸುವ ಮೇಜು ಇಂಗ್ಲೆಂಡಿಗೆ ಹೋಯಿತು. ಇತ್ತ ಆತನ ಕೀರ್ತಿ ನಿಧಾನವಾಗಿ ಬೆಳೆಯಿತು. ಅಂಗಡಿಗಳಲ್ಲಿ ಬಹುಕಾಲ ದೊರೆಯದಿದ್ದ ನೋಯ್ ಮುದ್ರಿಕೆಗಳು ೨೦೦೧ರಲ್ಲಿ ಮರುಪ್ರಕಟವಾದವು. ೨೦೧೩ರಲ್ಲಿ ಆತನ ಕೆಲಸದ ಸಂಕಲನವೊಂದು ಹೊರಬಂದಾಗ ಅದಕ್ಕೆ ಇಟ್ಟ ಹೆಸರು, ಆ ಮನುಷ್ಯ ಯಾರು ಎಂಬ ಅರ್ಥದ ಪ್ರಶ್ನೆ.

ಅದೇ ಪ್ರಶ್ನೆಯನ್ನು ಎಲ್ಲರಿಗಿಂತ ಆಳವಾಗಿ ಕೇಳಿದವನು ಮಗ. ಸ್ಟೀಫಾನ್ ಪ್ಲಾಂಕ್, ರೆಟೋ ಕಾಡುಫ್ ಎಂಬ ನಿರ್ದೇಶಕನೊಡನೆ ಸೇರಿ ೨೦೧೭ರಲ್ಲಿ ತಂದೆಯನ್ನು ಕುರಿತು ಒಂದು ಸಾಕ್ಷ್ಯಚಿತ್ರವನ್ನು ತೆಗೆದನು. ತಂದೆಯೊಡನೆ ದುಡಿದ ಸಂಗೀತಗಾರರನ್ನು ಹುಡುಕಿಕೊಂಡು ಹೋಗಿ, ಪ್ರತಿಯೊಬ್ಬನ ಮುಂದೆಯೂ ಕುಳಿತು, ಅವರು ನೆನೆಯುವುದನ್ನು ಕೇಳಿದನು. ಕೆಲವರಿಗೆ ಆತ ಗುರು, ಕೆಲವರಿಗೆ ಆತನೇ ತಂದೆ. ಸ್ವಂತ ಮಗನಿಗೆ ದೊರೆಯದ ಗಮನ ಇತರರಿಗೆ ದೊರೆತಿತ್ತೆಂಬ ಕಹಿಯನ್ನು ಆ ಚಿತ್ರ ಮುಚ್ಚಿಡುವುದಿಲ್ಲ. ಆದುದರಿಂದಲೇ ಅದು ಬರಿಯ ಸ್ತುತಿಯಾಗದೆ ಉಳಿದಿದೆ.

ಕೊನಿ ಪ್ಲಾಂಕನನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಗೆ ಎಂಜಿನಿಯರ್, ನಿರ್ಮಾಪಕ ಎಂಬ ಕಸಬಿನ ಮಾತುಗಳು ಸಾಲವು. ಸಹೃದಯ ಎಂಬ ನಮ್ಮ ಹಳೆಯ ಮಾತೇ ಆತನಿಗೆ ಹೆಚ್ಚು ಒಪ್ಪುವುದೆಂದು ನನ್ನ ಎಣಿಕೆ. ಆಲಂಕಾರಿಕರು ಸಹೃದಯನ ಆನಂದವನ್ನು ವಿಸ್ತಾರವಾಗಿ ವಿವರಿಸಿದರು. ಅವನು ತೆರುವ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ಲಾಂಕನ ಬಾಳು ಎರಡನ್ನೂ ನಮ್ಮ ಮುಂದಿಡುತ್ತದೆ. ಹಾಡಲು ಹಾಡಿಲ್ಲದೆ ನಿಂತಿದ್ದ ಒಂದು ತಲೆಮಾರು ತನ್ನ ದನಿಯನ್ನು ಕಂಡುಕೊಂಡದ್ದು, ಅದನ್ನು ಕಡೆಯವರೆಗೂ ಕೇಳುವ ತಾಳ್ಮೆ ಒಬ್ಬನಲ್ಲಿದ್ದುದರಿಂದ. ಆ ಮುದ್ರಿಕೆಗಳು ಇಂದೂ ದೊರೆಯುತ್ತವೆ. ಕೇಳುವವರು ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ ಆ ಹೆಸರನ್ನೂ ಒಮ್ಮೆ ಓದಬೇಕೆಂದು ಕೋರುತ್ತೇನೆ.